ಎಣ್ಣೆ, ಸೀಗೆಕಾಯಿ ಮತ್ತು ಸೀಸರ್ ಸಲಾಡ್

ಮೊದಲ ಸಲ ಮಾಡಿದ್ದು ಒಡೆದು ಹೋಯಿತು. ಮಿಕ್ಸಿ ಜಾರಿನ ಮುಚ್ಚಳ ತೆಗೆದು ನೋಡಿದರೆ ಮೇಲೆ ಎಣ್ಣೆ ತೇಲುತ್ತಿತ್ತು, ಕೆಳಗೆ ನೀರು ನಿಂತಿತ್ತು, ನಡುವೆ ಮೊಸರು ತರಿತರಿಯಾಗಿ ಕೂತಿತ್ತು. ಅತ್ತೆ ಬಗ್ಗಿ ನೋಡಿದರು.

"ಹಾಲು ಒಡದಂಗೆ ಆಗೈತಲ್ಲವ್ವಾ. ಏನಿದು?"

"ಸೀಸರ್ ಸಲಾಡ್‌ಗೆ ಹಾಕೋದು ಅತ್ತೆ. ಹಸಿ ಸೊಪ್ಪಿಗೆ ಕಲಸೋ ಗೊಜ್ಜು, ಡ್ರೆಸ್ಸಿಂಗ್ ಅಂತಾರೆ."

"ಎಣ್ಣೆ ಒಂದೇ ಸಲಕ್ಕೆ ಸುರುವಿದ್ಯಾ?"

ಹೌದು, ಸುರುವಿದ್ದೆ. ಸೀಸರ್ ಸಲಾಡ್ ಅನ್ನೋ ಹೆಸರನ್ನೇ ಕೇಳದ ಅತ್ತೆ ಒಂದೇ ನೋಟಕ್ಕೆ ತಪ್ಪು ಹಿಡಿದರು. ಯಾಕೆಂದರೆ ಇಡೀ ಜೀವನ ಮೊಸರು ಕಡೆದ ಕೈ ಅದು. ಎಣ್ಣೆ ಮತ್ತು ನೀರು ಯಾವಾಗ ಸೇರುತ್ತವೆ, ಯಾವಾಗ ಬೇರೆಯಾಗುತ್ತವೆ ಅನ್ನೋದು ಆ ಕೈಗೆ ಗೊತ್ತು. ಈ ಸಲಾಡಿನ ಅರ್ಧ ವಿಜ್ಞಾನ ಇರೋದೂ ಅಲ್ಲೇ.

ಈ ಸೀಸರ್‌ಗೂ ರೋಮಿನ ಜೂಲಿಯಸ್ ಸೀಸರ್‌ಗೂ ಸಂಬಂಧವಿಲ್ಲ. ಇಟಲಿಯಿಂದ ವಲಸೆ ಬಂದ ಸೀಸರ್ ಕಾರ್ಡಿನಿ ಎಂಬಾತ ಮೆಕ್ಸಿಕೋದ ಟಿಹುವಾನಾ ಊರಿನಲ್ಲಿ ಹೋಟೆಲ್ ನಡೆಸುತ್ತಿದ್ದ. ಆಗ ಅಮೆರಿಕದಲ್ಲಿ ಪಾನನಿಷೇಧ, 1920ರಿಂದ 1933ರವರೆಗೆ. ಕುಡಿಯಬೇಕು ಅನ್ನಿಸಿದವರು ಗಡಿ ದಾಟಿ ಟಿಹುವಾನಾಕ್ಕೆ ಬರುತ್ತಿದ್ದರು. 1924ರ ಜುಲೈ 4ರಂದು ಜನ ಜಾಸ್ತಿ ಬಂದು ಅಡುಗೆಮನೆ ಖಾಲಿಯಾಯಿತಂತೆ. ಉಳಿದಿದ್ದ ಲೆಟ್ಯೂಸ್ ಸೊಪ್ಪು, ಬ್ರೆಡ್, ಮೊಟ್ಟೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಚೀಸ್ ಎಲ್ಲ ಸೇರಿಸಿ ಗಿರಾಕಿಗಳ ಎದುರೇ ಕಲಸಿ ಕೊಟ್ಟನಂತೆ. ಎಲ್ಲರೂ ಹೇಳೋ ಕಥೆ ಇದು. ನಂಟರು ಹೇಳದೆ ಬಂದಾಗ ನಾವು ಉಪ್ಪಿಟ್ಟು ತಿರುವಿದ ಹಾಗೆ.

ಈಗ ಒಡೆದ ಡ್ರೆಸ್ಸಿಂಗ್ ವಿಷಯಕ್ಕೆ ಬರೋಣ.

ಇಬ್ಬರಿಗೆ ಆಗಿಬರದಿದ್ದರೆ ನಾವು "ಅವರದು ಎಣ್ಣೆ ಸೀಗೆಕಾಯಿ" ಅಂತೀವಿ. ನನಗೆ ಈ ಮಾತು ಕೇಳಿದಾಗೆಲ್ಲ ಪಾಪ ಸೀಗೆಕಾಯಿ ಅನ್ನಿಸುತ್ತದೆ. ನಿಜವಾದ ಜಗಳ ಇರೋದು ಎಣ್ಣೆಗೂ ನೀರಿಗೂ. ಸೀಗೆಕಾಯಿ ನಡುವೆ ನಿಂತು ರಾಜಿ ಮಾಡಿಸೋದು! ಜಗಳ ಅಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಎಣ್ಣೆಯ ಅಣುವಿಗೆ ಆ ಹಿಡಿತದಲ್ಲಿ ಪಾಲಿಲ್ಲ. ಹಾಗಾಗಿ ನೀರು ನೀರಿನ ಜೊತೆ ಕೂಡಿಕೊಳ್ಳುತ್ತದೆ, ಎಣ್ಣೆ ಹೊರಗೆ ಉಳಿಯುತ್ತದೆ. ಸೀಗೆಕಾಯಿಯಲ್ಲಿ ಸ್ಯಾಪೋನಿನ್ ಅನ್ನೋ ಪದಾರ್ಥ ಇದೆ. ಅದರ ಅಣುವಿನ ಒಂದು ಭಾಗ ನೀರನ್ನು ಹಿಡಿಯುತ್ತದೆ, ಇನ್ನೊಂದು ಭಾಗ ಎಣ್ಣೆಯನ್ನು ಹಿಡಿಯುತ್ತದೆ. ಎಣ್ಣೆಸ್ನಾನದ ದಿನ ತಲೆಯ ಜಿಡ್ಡು ನೀರಿನ ಜೊತೆ ಹೊರಟು ಹೋಗೋದು ಈ ಎರಡು ಕೈಯ ಅಣುವಿನಿಂದ.

ಸೀಸರ್ ಸಲಾಡಿನಲ್ಲಿ ಸೀಗೆಕಾಯಿ ಕೆಲಸ ಮಾಡೋದು ಮೊಟ್ಟೆಯ ಹಳದಿ. ಅದರಲ್ಲಿರುವ ಲೆಸಿಥಿನ್‌ಗೂ ಇಂಥದ್ದೇ ಎರಡು ಕೈ. 1840ರ ದಶಕದಲ್ಲಿ ಫ್ರಾನ್ಸಿನ ಥಿಯೋಡೋರ್ ಗೋಬ್ಲಿ ಇದನ್ನು ಮೊಟ್ಟೆಯ ಹಳದಿಯಿಂದಲೇ ಬೇರ್ಪಡಿಸಿದ. ಹೆಸರೂ ಅಲ್ಲಿಂದಲೇ ಬಂತು. ಗ್ರೀಕ್ ಭಾಷೆಯಲ್ಲಿ ಲೆಕಿಥೋಸ್ ಅಂದರೆ ಮೊಟ್ಟೆಯ ಹಳದಿ.

ನನ್ನದರಲ್ಲಿ ಮೊಟ್ಟೆಯ ಬದಲು ಮೊಸರಿತ್ತು, ಅದೂ ರಾಜಿ ಮಾಡಿಸುತ್ತದೆ. ಆದರೂ ಯಾಕೆ ಒಡೆಯಿತು? ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ದೊಡ್ಡ ಚಮಚದಲ್ಲಿ 15 ಮಿಲಿ ಎಣ್ಣೆ ಹಿಡಿಯುತ್ತದೆ. ಅದನ್ನು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಹನಿಗಳಾಗಿ ಒಡೆದರೆ, ಆ ಎಲ್ಲ ಹನಿಗಳ ಮೈ ಸೇರಿ 9 ಚದರ ಮೀಟರ್ ಆಗುತ್ತದೆ. ಅಂದರೆ ಹೆಚ್ಚುಕಮ್ಮಿ ಹತ್ತಡಿಗೆ ಹತ್ತಡಿ ಕೋಣೆಯ ನೆಲ. ಒಂದು ಚಮಚ ಎಣ್ಣೆಗೆ! ಅಷ್ಟು ನೆಲಕ್ಕೆಲ್ಲ ಲೆಸಿಥಿನ್ನಿನದ್ದೋ ಮೊಸರಿನದ್ದೋ ಚಾಪೆ ಹಾಸಬೇಕು. ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟರೆ ಒಂದೊಂದು ಹನಿ ಒಡೆದಂತೆ ಅದರ ಮೈಗೆ ಚಾಪೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಒಮ್ಮೆಗೇ ಸುರಿದರೆ ಬೆತ್ತಲೆ ಹನಿಗಳು ಒಂದಕ್ಕೊಂದು ಅಂಟಿಕೊಂಡು ಮತ್ತೆ ದೊಡ್ಡದಾಗಿ ಮೇಲೆ ತೇಲುತ್ತವೆ. ಸರಿಯಾಗಿ ಕೂಡಿಕೊಂಡಿದೆಯೋ ಇಲ್ಲವೋ ಅಂತ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಎಣ್ಣೆ, ನೀರು ಎರಡೂ ತಿಳಿಯಾಗಿರುತ್ತವೆ. ಸಣ್ಣ ಹನಿಗಳು ಬೆಳಕನ್ನು ದಿಕ್ಕಾಪಾಲು ಚೆದುರಿಸುವುದರಿಂದ ಮಿಶ್ರಣ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತದೆ. ಹಾಲು ಬೆಳ್ಳಗಿರೋದಕ್ಕೂ ಇದೇ ಮುಖ್ಯ ಕಾರಣ.

ನಮ್ಮ ದಾವಣಗೆರೆಯವರಿಗೆ ಇದರ ಉಲ್ಟಾ ಆಟವೂ ಗೊತ್ತು, ಅದು ಬೆಣ್ಣೆ. ಹಾಲಿನಲ್ಲಿ ನೀರಿನೊಳಗೆ ಕೊಬ್ಬಿನ ಹನಿಗಳಿರುತ್ತವೆ. ಬೆಣ್ಣೆಯಲ್ಲಿ ಕೊಬ್ಬಿನೊಳಗೆ ನೀರಿನ ಹನಿಗಳು. ಅಂಗಡಿ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರೇ. ಬೆಣ್ಣೆ ದೋಸೆಯ ಹೆಂಚಿನ ಮೇಲೆ ಮುದ್ದೆ ಬಿದ್ದ ಕೂಡಲೇ ಚುಯ್ ಅನ್ನುತ್ತದಲ್ಲ, ಆ ಸದ್ದು ಬೆಣ್ಣೆಯದ್ದಲ್ಲ. ಒಳಗಿನ ನೀರು ಆವಿಯಾಗುವ ಸದ್ದು. ತುಪ್ಪ ಹಾಕಿದರೆ ಹಾಗೆ ಕೂಗುವುದಿಲ್ಲ, ನೋಡಿ ಬೇಕಾದರೆ.

ಒಂದು ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಮೊಸರಿಗೆ ಕಡಗೋಲು ಹಾಕಿ ಕಡೆದರೆ ಕೊಬ್ಬು ಬೇರೆಯಾಗುತ್ತದೆ. ಡ್ರೆಸ್ಸಿಂಗನ್ನು ಕಡೆದರೆ ಎಣ್ಣೆ ಕೂಡಿಕೊಳ್ಳುತ್ತದೆ. ಅದೇ ಕಡಗೋಲು, ಅದೇ ತಿರುಗಾಟ, ಫಲ ಮಾತ್ರ ಬೇರೆ. ಇದು ಹೇಗೆ? ಗುಟ್ಟು ಇರೋದು ಕೊಬ್ಬಿನ ಸ್ವಭಾವದಲ್ಲಿ. ತಂಪಿನಲ್ಲಿ ಹಾಲಿನ ಕೊಬ್ಬು ಅರ್ಧ ಗಟ್ಟಿಯಾಗಿರುತ್ತದೆ. ಅದರಲ್ಲಿ ಸೂಜಿಯಂಥ ಸಣ್ಣ ಹರಳುಗಳು ಇರುತ್ತವೆ. ಕಡೆಯುವಾಗ ಹನಿ ಹನಿಗೆ ಡಿಕ್ಕಿ ಹೊಡೆದಾಗ ಈ ಸೂಜಿಗಳು ಪಕ್ಕದ ಹನಿಯ ಪೊರೆಯನ್ನು ಚುಚ್ಚುತ್ತವೆ, ಎರಡೂ ಕೂಡಿಕೊಂಡು ಮುದ್ದೆಯಾಗುತ್ತವೆ. ಬೇಸಿಗೆಯಲ್ಲಿ ಮೊಸರು ಕಡೆಯುವಾಗ ಅತ್ತೆ ತಣ್ಣೀರು ಹಾಕೋದು ಇದಕ್ಕೇ. ಬಿಸಿಲಿಗೆ ಕೊಬ್ಬು ಕರಗಿದ್ದರೆ ಸೂಜಿಗಳೇ ಇರುವುದಿಲ್ಲ, ಬೆಣ್ಣೆ ಬರಲು ಸತಾಯಿಸುತ್ತದೆ. ಶೇಂಗಾ ಎಣ್ಣೆ ನಮ್ಮ ಅಡುಗೆಮನೆಯ ಸೆಖೆಯಲ್ಲಿ ಪೂರ್ತಿ ದ್ರವ. ಚುಚ್ಚಲು ಏನೂ ಇಲ್ಲ. ಹಾಗಾಗಿ ಕಡೆದಷ್ಟೂ ಹನಿ ಸಣ್ಣದಾಗುತ್ತಾ ಹೋಗುತ್ತದೆ.

ಮೊಟ್ಟೆ ನಮ್ಮ ಅಡುಗೆಮನೆಗೆ ಬರೋದಿಲ್ಲ. ಬರುವ ಮನೆಯವರಿಗೂ ಒಂದು ಮಾತು. ಮೂಲ ವಿಧಾನದಲ್ಲಿ ಹಾಕೋದು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದ ಮೊಟ್ಟೆ. ಅದು ಹಸಿಯೇ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದು ಖಂಡಿತ ಸಾಯಬೇಕೆಂದರೆ 70 ಡಿಗ್ರಿ ದಾಟಬೇಕು. ಮನೆಯಲ್ಲಿ ಮಕ್ಕಳು, ವಯಸ್ಸಾದವರು, ಬಸುರಿಯರು ಇದ್ದರೆ ಸುಮ್ನೆ ಯಾಕೆ ಅಪಾಯ? ಪೂರ್ತಿ ಬೇಯಿಸಿದ ಹಳದಿಯನ್ನು ನುಣ್ಣಗೆ ಕಿವುಚಿ ಹಾಕಿದರೂ ಆಗುತ್ತದೆ. ಬೇಯಿಸಿದ ಮಾತ್ರಕ್ಕೆ ಲೆಸಿಥಿನ್ ಹಾಳಾಗುವುದಿಲ್ಲ.

ನಮ್ಮ ಮನೆಯ ದಾರಿ ಮೊಸರು ಮತ್ತು ಸಾಸಿವೆ. ಒಂದು ಬಟ್ಟಲು ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ತಾಸು ತೂಗುಹಾಕಿ. ನೀರಿಳಿದು ಅರ್ಧ ಬಟ್ಟಲಾಗುತ್ತದೆ. ಮೊಸರಿನ ಪ್ರೋಟೀನಿಗೂ ಎಣ್ಣೆ ಹನಿಗೆ ಪೊರೆ ಕಟ್ಟುವ ಗುಣ ಇದೆ. ಅದಕ್ಕೆ ಜೊತೆಯಾಗಲು ಅರ್ಧ ಚಿಕ್ಕ ಚಮಚ ಸಾಸಿವೆಯನ್ನು ಹಸಿಯಾಗಿಯೇ ನೀರು ಹಾಕಿ ಅರೆದುಕೊಳ್ಳಿ. ಸಾಸಿವೆ ಸಿಪ್ಪೆಯಲ್ಲಿ ಲೋಳೆ ಇರುತ್ತದೆ, ಹನಿಗಳು ಮತ್ತೆ ಕೂಡದಂತೆ ಅದು ತಡೆಯುತ್ತದೆ. ಒಗ್ಗರಣೆಯಲ್ಲಿ ಸಿಡಿಸಿದ ಸಾಸಿವೆ ಬೇಡ, ಅದರ ಘಾಟು ಸತ್ತಿರುತ್ತದೆ. ಆಮೇಲೆ ಮೂರು ದೊಡ್ಡ ಚಮಚ ಎಣ್ಣೆ, ನೂಲಿನಂತೆ ಬಿಡುತ್ತಾ ಕಡೆಯಿರಿ. ಆಲಿವ್ ಎಣ್ಣೆಯೇ ಆಗಬೇಕೆಂದಿಲ್ಲ. ಪಕ್ಕದ ಚಳ್ಳಕೆರೆಯನ್ನು ಎಣ್ಣೆ ಮಿಲ್ಲುಗಳ ಊರು ಅಂತಾರೆ, ಶೇಂಗಾ ಎಣ್ಣೆಗೆ ನಮಗೇನು ಬರ. ಆದರೆ ಗಾಣದ ಎಣ್ಣೆ ಹಾಕಿದರೆ ಶೇಂಗಾ ವಾಸನೆಯೇ ಮುಂದೆ ಬರುತ್ತದೆ. ನನಗೆ ಇಷ್ಟ, ಮಗಳಿಗೆ ಇಲ್ಲ. ಮಿಕ್ಸಿ ಕೂಡ ಬೇಡ. ಇಷ್ಟು ಕಡಿಮೆ ಪ್ರಮಾಣಕ್ಕೆ ಬ್ಲೇಡು ತಾಗುವುದೇ ಇಲ್ಲ. ಚಿಕ್ಕ ಕಡಗೋಲೋ ಫೋರ್ಕೋ ಸಾಕು.

ಒಡೆದದ್ದನ್ನು ಚೆಲ್ಲಬೇಡಿ. ಬೇರೆ ಪಾತ್ರೆಯಲ್ಲಿ ಒಂದು ಚಮಚ ಹೊಸ ಮೊಸರು ಮತ್ತು ಚೂರು ಸಾಸಿವೆ ಹಾಕಿ, ಒಡೆದ ಮಿಶ್ರಣವನ್ನು ಅರ್ಧರ್ಧ ಚಮಚ ಸೇರಿಸುತ್ತಾ ಕಡೆಯಿರಿ. ಅವತ್ತು ಅತ್ತೆ ಉಳಿಸಿದ್ದು ಹೀಗೆಯೇ. ಚೂರು ಸಾಸಿವೆ ಹಾಕು ಅಂದಿದ್ದು ಮಾತ್ರ ನಾನು, ಅಷ್ಟಾದರೂ ನನ್ನ ಲೆಕ್ಕಕ್ಕೆ ಇರಲಿ.

ಡ್ರೆಸ್ಸಿಂಗಿಗೆ ಬೆಳ್ಳುಳ್ಳಿ ಎರಡೇ ಎಸಳು. ಇಡೀ ಎಸಳಿಗೆ ಹೆಚ್ಚು ವಾಸನೆ ಇಲ್ಲ, ಗಮನಿಸಿದ್ದೀರಾ? ಅಲಿಯಿನ್ ಅನ್ನೋ ಪದಾರ್ಥ ಒಂದು ಕಡೆ, ಅದನ್ನು ಬದಲಾಯಿಸುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ನಡುವಿನ ಗೋಡೆ ಮುರಿದು ಎರಡೂ ಸೇರುತ್ತವೆ, ಆಗ ಹುಟ್ಟೋದು ಅಲಿಸಿನ್, ಅದರದ್ದೇ ಆ ಖಾರ. ನಿಂಬೆರಸದಲ್ಲಿ ಮುಳುಗಿಸಿ ಜಜ್ಜಿದರೆ ಹುಳಿಗೆ ಕಿಣ್ವ ಸೋಲುತ್ತದೆ, ಬೆಳ್ಳುಳ್ಳಿಯ ಖಾರ ತಗ್ಗುತ್ತದೆ. ಖಾರ ಬೇಕೆಂದರೆ ಮೊದಲು ಜಜ್ಜಿ ಹತ್ತು ನಿಮಿಷ ಬಿಟ್ಟು ನಿಂಬೆ ಹಿಂಡಿ. ಮಂಡಕ್ಕಿ ಮಿರ್ಚಿ ತಿಂದು ಬೆಳೆದ ನಾವು ಎರಡನೇ ಗುಂಪು.

ಇನ್ನು ಸೊಪ್ಪು. ಮೂಲದಲ್ಲಿರೋದು ಉದ್ದನೆ ಎಲೆಯ ರೋಮೇನ್ ಲೆಟ್ಯೂಸ್. ನಮ್ಮೂರ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಪುಣ್ಯ, ಸಿಕ್ಕರೂ ಜೋಲು ಮೋರೆ ಹಾಕಿಕೊಂಡಿರುತ್ತದೆ. ಲೆಟ್ಯೂಸಿನಲ್ಲಿ ನೂರಕ್ಕೆ 95 ಪಾಲು ನೀರು. ಜೀವಕೋಶಗಳು ನೀರು ತುಂಬಿದ ಬಲೂನಿನ ಹಾಗೆ ಒತ್ತಿಕೊಂಡಿದ್ದರೆ ಮಾತ್ರ ಗರಿಗರಿ. ಬಾಡಿದ ಎಲೆಯನ್ನು ಅರ್ಧ ತಾಸು ತಣ್ಣೀರಿನಲ್ಲಿ ಮುಳುಗಿಸಿಡಿ. ಎಲೆಯೊಳಗೆ ಲವಣ, ಸಕ್ಕರೆ ಜಾಸ್ತಿ ಇರುವುದರಿಂದ ನೀರು ತಾನಾಗಿಯೇ ಒಳಗೆ ನುಗ್ಗುತ್ತದೆ, ಎಲೆ ಎದ್ದು ಕೂರುತ್ತದೆ. ಉಪ್ಪು ಹಾಕಿದರೆ ಇದರ ಉಲ್ಟಾ, ನೀರು ಹೊರಗೆ. ಕೋಸಂಬರಿಗೆ ಉಪ್ಪನ್ನು ಕೊನೆಗೆ ಹಾಕೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನೆನೆಸಿದ ಮೇಲೆ ಪೂರ್ತಿ ಒಣಗಿಸಬೇಕು, ಒದ್ದೆ ಎಲೆಗೆ ಡ್ರೆಸ್ಸಿಂಗ್ ಅಂಟದೆ ತಟ್ಟೆಯ ತಳಕ್ಕೆ ಜಾರುತ್ತದೆ. ನಾನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಮಹಡಿಗೆ ಹೋಗಿ, ಕವಣೆ ಬೀಸಿದ ಹಾಗೆ ಗಿರಗಿರ ತಿರುಗಿಸುತ್ತೇನೆ. ಎಲೆಗಳನ್ನು ಬಟ್ಟೆ ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಪಕ್ಕದ ಮನೆಯವರು ಒಮ್ಮೆ ನೋಡಿ, ಹಕ್ಕಿ ಓಡಿಸ್ತಿದ್ದೀರಾ ಅಂತ ಕೇಳಿದ್ದರು.

ಲೆಟ್ಯೂಸ್ ಸಿಗದಿದ್ದರೆ ಹಕ್ಕರಿಕೆ ಸೊಪ್ಪು. ಜೋಳದ ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ನಮ್ಮ ಹಕ್ಕರಿಕೆ ಮತ್ತು ಲೆಟ್ಯೂಸ್ ಎರಡೂ ಸೂರ್ಯಕಾಂತಿಯ ಕುಟುಂಬದವು. ದಂಟು ಮುರಿದರೆ ಎರಡರಲ್ಲೂ ಹಾಲು ಬರುತ್ತದೆ. ಲೆಟ್ಯೂಸಿನ ವೈಜ್ಞಾನಿಕ ಹೆಸರು ಲ್ಯಾಕ್ಟುಕಾ, ಅದು ಬಂದಿದ್ದೂ ಲ್ಯಾಟಿನ್ನಿನ ಹಾಲು ಎಂಬ ಪದದಿಂದಲೇ. ಆ ಹಾಲಿನಲ್ಲೇ ಕಹಿ ಇರೋದು. ಸೆಖೆ ಹೆಚ್ಚಾಗಿ ಗಿಡ ಹೂವಿಗೆ ಬಂದರೆ ಲೆಟ್ಯೂಸ್ ಬಾಯಿಗಿಡಲಾಗದಷ್ಟು ಕಹಿ. ಕುಂಡದಲ್ಲಿ ಬೆಳೆಸುವವರು ನಮ್ಮೂರಲ್ಲಿ ಚಳಿಗಾಲ ಬಿಟ್ಟು ಬೇರೆ ಕಾಲದಲ್ಲಿ ಕೈ ಹಾಕಬೇಡಿ.

ಚೀಸ್ ಬಗ್ಗೆ ಎರಡೇ ಮಾತು. ನಿಜವಾದ ಪಾರ್ಮೆಸಾನ್ (ಇಟಲಿಯ ಗಟ್ಟಿ ಚೀಸ್) ಮಾಡಲು ಕರುವಿನ ಹೊಟ್ಟೆಯ ರೆನ್ನೆಟ್, ಅಂದರೆ ಹಾಲು ಒಡೆಸುವ ಪದಾರ್ಥ, ಬಳಸುತ್ತಾರೆ, ಸಸ್ಯಾಹಾರಿಗಳು ಪೊಟ್ಟಣ ಓದಿ ಕೊಳ್ಳಿ. ಈ ಚೀಸಿನ ಸೆಳೆತ ಗ್ಲುಟಮೇಟ್‌ನಿಂದ. 1908ರಲ್ಲಿ ಜಪಾನಿನ ಕಿಕುನೇ ಇಕೆದಾ ಉಮಾಮಿ ಎಂದು ಹೆಸರಿಟ್ಟ ರುಚಿ ಅದೇ, ಹಣ್ಣಾದ ಟೊಮೆಟೊದಲ್ಲೂ ಇದೆ. ಪಾರ್ಮೆಸಾನ್ ಇಲ್ಲದ ದಿನ ನಾನು ಸಾದಾ ಚೀಸ್ ತುರಿದು, ಹುರಿದ ಶೇಂಗಾ ಪುಡಿ ಉದುರಿಸುತ್ತೇನೆ. ಅದು ಪಾರ್ಮೆಸಾನ್ ಆಗುವುದಿಲ್ಲ, ಬೇರೆಯೇ ಒಂದು ರುಚಿ.

ಬ್ರೆಡ್ ಚೂರುಗಳ ಬದಲು ಖಡಕ್ ಜೋಳದ ರೊಟ್ಟಿ ಮುರಿದು ಹಾಕಿ. ಮಂಡಕ್ಕಿಯನ್ನೂ ಹಾಕಿ ನೋಡಿದೆ, ದಾವಣಗೆರೆಯವಳಾಗಿ ಹಾಕದೆ ಇರಲಾಗಲಿಲ್ಲ. ಎರಡು ನಿಮಿಷಕ್ಕೆ ಸ್ಪಂಜು. ಬಿಸಿ ಮರಳಿನಲ್ಲಿ ಅಕ್ಕಿಯೊಳಗಿನ ನೀರು ಆವಿಯಾಗಿ ಉಬ್ಬಿಸಿರುವುದರಿಂದ ಮಂಡಕ್ಕಿ ತುಂಬಾ ಗುಳ್ಳೆ ಗುಳ್ಳೆ, ಗೋಡೆ ಕಾಗದದಷ್ಟು ತೆಳು. ಒಣಗಿದ ಪಿಷ್ಟ ಗಾಜಿನಂತೆ ಪಟಕ್ಕನೆ ಮುರಿಯುತ್ತದೆ, ಸ್ವಲ್ಪ ನೀರು ಕುಡಿದರೆ ರಬ್ಬರು. ನಮ್ಮ ಬೀದಿಯಲ್ಲಿ ಖಾರ ಮಂಡಕ್ಕಿ ಕಲಸುವವರ ಕೈ ನೋಡಿ. ಎಣ್ಣೆ ಖಾರ ಮೊದಲು, ಈರುಳ್ಳಿ ಟೊಮೆಟೊ ಆಮೇಲೆ, ನಿಂಬೆ ಹಿಂಡೋದು ಪೊಟ್ಟಣ ಕಟ್ಟುವ ಕ್ಷಣಕ್ಕೆ. ರೊಟ್ಟಿ ದಪ್ಪ, ಒತ್ತಾಗಿದೆ, ನೀರು ಒಳಹೋಗಲು ಹೊತ್ತು ಬೇಕು. ತವೆಯ ಮೇಲೆ ಚೂರು ಎಣ್ಣೆ, ಬೆಳ್ಳುಳ್ಳಿ ಸವರಿ ಕೆಂಪಗೆ ಮಾಡಿಕೊಂಡರೆ ಇನ್ನೂ ತಡೆಯುತ್ತದೆ.

ಊಟಕ್ಕೆ ಎಲ್ಲರೂ ಕೂತ ಮೇಲೆಯೇ ಕಲಸಿ. ಅಗಲ ಪಾತ್ರೆಯಲ್ಲಿ ಎಲೆಗಳನ್ನು ಕೈಯಲ್ಲೇ ಹರಿದು ಹಾಕಿ, ಡ್ರೆಸ್ಸಿಂಗ್ ಸುರಿದು ತಳದಿಂದ ಮೇಲಕ್ಕೆ ಎತ್ತಿ ಎತ್ತಿ ತಿರುವಿ. ಉಪ್ಪು, ಕುಟ್ಟಿದ ಕಾಳುಮೆಣಸು, ಚೀಸ್, ಕೊನೆಗೆ ರೊಟ್ಟಿ ಚೂರು. ಮೊದಲ ದಿನ ಅತ್ತೆ ಚೂರುಗಳನ್ನು ಪಕ್ಕಕ್ಕೆ ಸರಿಸಿ, ಒಂದು ಇಡೀ ರೊಟ್ಟಿ ತರಿಸಿಕೊಂಡು, ಸಲಾಡನ್ನು ಅದರೊಳಗೆ ಮಡಚಿ ತಿಂದರು. "ಉಪ್ಪು ಒಂಚೂರು ಕಮ್ಮಿ ಐತಿ" ಅಂದರು. ಕಮ್ಮಿಯೇ ಇತ್ತು.