ಪದ ಪರಿಚಯ: ಜಂತುಹುಳ

"ಮಗಳು ರಾತ್ರಿ ಕಟಕಟ ಹಲ್ಲು ಕಡೀತಾಳೆ" ಎಂದು ಉಡುಪಿಯ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಬರೆದರೆ ಸಾಕು, ಕೆಳಗೆ ಸಾಲುಸಾಲು ಉತ್ತರ: "ಜಂತು. ಹುಳದ ಮದ್ದು ಕೊಡಿ." ಈಗಂತೂ ಹಲ್ಲು ಕಡಿಯುವುದಕ್ಕೇ ಜಂತು ಅನ್ನತೊಡಗಿದ್ದಾರೆ. ಇದು ಸ್ವಲ್ಪ ಜಾಸ್ತಿ ಆಯಿತು.

ಸಂಸ್ಕೃತದಲ್ಲಿ ಜಂತು ಅಂದರೆ ಹುಟ್ಟಿದ ಯಾವುದೇ ಜೀವಿ. ಆ ಲೆಕ್ಕದಲ್ಲಿ ನಾವೂ ಜಂತುಗಳೇ. ಪಕ್ಕದಲ್ಲಿ ಹುಳ ಸೇರಿದ ಮೇಲೆ ಅದು ಹೊಟ್ಟೆಯೊಳಗಿನದ್ದಕ್ಕೆ ಮೀಸಲಾಯಿತು. ತುಳುವಿನಲ್ಲಾದರೆ ಹುಳಕ್ಕೆ ಪುರಿ ಅಂದರೆ ಸಾಕು. ಇನ್ನು ಹುಳುಕು ಹಲ್ಲು. ಅದರಲ್ಲೂ ಹುಳು ಇದೆ, ಹಲ್ಲಿನಲ್ಲಿ ಮಾತ್ರ ಇಲ್ಲ. ಅಲ್ಲಿ ಕೊರೆಯುವುದು ಬ್ಯಾಕ್ಟೀರಿಯಾ ಮಾಡುವ ಆಮ್ಲ. ಹಲ್ಲಿಗೂ ಹುಳಕ್ಕೂ ಮಾತಿನಲ್ಲೇ ಗಂಟು ಬಿದ್ದಿರುವುದರಿಂದ ಈ ನಂಬಿಕೆ ಇಷ್ಟು ಗಟ್ಟಿಯಾಗಿದೆಯೋ ಏನೋ ಎಂಬುದು ನನ್ನ ಅನುಮಾನ.

ಹಾಗಂತ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಜಂತುಹುಳಗಳಲ್ಲಿ ದುಂಡುಹುಳ ಗೇಣುದ್ದ ಬೆಳೆಯುತ್ತದೆ. ಕೊಕ್ಕೆಹುಳ ಬರಿಗಾಲಿನಿಂದ ಒಳಗೆ ಸೇರಿ ರಕ್ತ ಹೀರುತ್ತದೆ. ಇಲ್ಲಿ ಅನುಮಾನ ಬರುವುದು ಮೂರನೆಯದರ ಮೇಲೆ: ಬಿಳಿ ನೂಲಿನ ತುಂಡಿನಂಥ, ಸೆಂಟಿಮೀಟರ್ ಉದ್ದದ ಪಿನ್‌ವರ್ಮ್. ಮಗು ಮಲಗಿದ ಮೇಲೆ ಹೆಣ್ಣುಹುಳ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ತುರಿಕೆಗೆ ನಿದ್ದೆ ಕೆಡುತ್ತದೆ. ಅರೆನಿದ್ದೆಯ ಹೊತ್ತಿನಲ್ಲೇ ಹಲ್ಲು ಕಡಿಯುವುದು ಜಾಸ್ತಿ. ಕೆಲವು ಅಧ್ಯಯನಗಳಲ್ಲಿ ನಂಟು ಕಂಡಿದೆ, ಕೆಲವುಗಳಲ್ಲಿ ಇಲ್ಲ. ಅಷ್ಟೇ.

"ಮದ್ದು ಕೊಟ್ಟೆವು, ನಿಂತಿತು" ಅನ್ನುವವರಿಗೆ ಒಂದು ಮಾತು. ಮಕ್ಕಳ ಹಲ್ಲುಕಡಿತ ಸುಮ್ನೆ ಬರುತ್ತದೆ, ಸುಮ್ನೆ ಹೋಗುತ್ತದೆ. ಹೆಚ್ಚಿನವರಿಗೆ ದೊಡ್ಡವರಾಗುತ್ತಾ ಬಿಟ್ಟುಹೋಗುತ್ತದೆ. ಮಗು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಹುಳಕ್ಕಿಂತ ಮೊದಲು ಮೂಗು, ಅದರ ಹಿಂದಿರುವ ಅಡೆನಾಯ್ಡ್ ಗ್ರಂಥಿ ತೋರಿಸಬೇಕು, ಅಲ್ವಾ? ಕೆಲವರಿಗೆ ಆತಂಕ ಕಾರಣ, ಕೆಲವರಿಗೆ ಮನೆತನದಿಂದಲೇ ಬಂದದ್ದು.

ಫೆಬ್ರುವರಿ 10 ಮತ್ತು ಆಗಸ್ಟ್ 10ರ ಹೊತ್ತಿಗೆ ಶಾಲೆ, ಅಂಗನವಾಡಿಯಲ್ಲಿ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ತಪ್ಪದೆ ಕೊಡಿಸಿ. 1ರಿಂದ 2 ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಅದು ಹೊಟ್ಟೆಯ ಹುಳಕ್ಕೆ, ಹಲ್ಲಿಗಲ್ಲ. ಪಿನ್‌ವರ್ಮ್ ಇದ್ದರೆ ಒಂದು ಸಲ ಸಾಲದು. ಮದ್ದಿಗೆ ಮೊಟ್ಟೆ ಸಾಯುವುದಿಲ್ಲ, ಆದ್ದರಿಂದ 2 ವಾರ ಬಿಟ್ಟು ಇನ್ನೊಮ್ಮೆ, ವೈದ್ಯರು ಹೇಳಿದರೆ ಮನೆಯವರಿಗೆಲ್ಲ.

ಅನುಮಾನ ಇದ್ದರೆ ನೋಡುವುದೂ ಸುಲಭ. ಬೆಳಿಗ್ಗೆ ತೊಳೆಯುವ ಮೊದಲು ಗುದದ ಬಳಿ ಪಾರದರ್ಶಕ ಟೇಪ್ ಒತ್ತಿ ತೆಗೆದು ಲ್ಯಾಬಿಗೆ ಕೊಡಿ. ಸಾಮಾನ್ಯ ಮಲಪರೀಕ್ಷೆಯಲ್ಲಿ ಈ ಮೊಟ್ಟೆ ಹೆಚ್ಚಾಗಿ ಸಿಗುವುದಿಲ್ಲ.