ಪೆಣ್ಬುಯ್ಯಲ್: ಕಲ್ಲಿನಲ್ಲಿ ಉಳಿದ ಕೂಗು

ಹಾವೇರಿ ಕಡೆಯ ಒಂದು ಊರು. ಹನುಮಪ್ಪನ ಗುಡಿ ಹಿಂದೆ ಅರ್ಧ ಮಣ್ಣಲ್ಲಿ ಹೂತ ವೀರಗಲ್ಲು. ಯಾರೋ ಅದಕ್ಕೂ ಸುಣ್ಣ ಬಳಿದಿದ್ದರು. ನೀರು ಹಾಕಿ ತಿಕ್ಕುತ್ತಾ ಕೂತಿದ್ದೆ. “ಅದರಾಗೇನೈತ್ರಿ ಸರ, ಹಳೇ ಕಲ್ಲು,” ಅಂದರು ಕಟ್ಟೆ ಮೇಲಿದ್ದ ಹಿರಿಯರು. ಸುಣ್ಣ ಬಿಟ್ಟಂತೆ ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ವೀರ ಕಂಡ. ಅವನ ಬೆನ್ನ ಹಿಂದೆ ಕೈ ಮೇಲೆತ್ತಿದ ಇಬ್ಬರು ಹೆಂಗಸರು. ಮುಖ ಸವೆದು ಹೋಗಿತ್ತು.

ಹಳೇ ಯುದ್ಧಗಳಲ್ಲಿ ಹೆಣ್ಣುಮಕ್ಕಳ ಗತಿ ಏನಾಯ್ತು ಅಂತ ಬರೆಯೋಕೆ ಹೊರಟಿದ್ದೇನೆ. ನನ್ನನ್ನು ಊರೂರು ಅಲೆಸುತ್ತಿರುವುದು ವೀರಗಲ್ಲುಗಳ ಬರಹದಲ್ಲಿ ಸಿಗುವ ಒಂದೇ ಪದ: ಪೆಣ್ಬುಯ್ಯಲ್.

ಬಿಡಿಸಿದರೆ ಪೆಣ್, ಪುಯ್ಯಲ್. ಪೆಣ್ ಅಂದರೆ ಹೆಣ್ಣು, ಪುಯ್ಯಲ್ ಅಂದರೆ ಕೂಗು, ಗೋಳು. ಕಣ್ಣು, ಪನಿ ಸೇರಿ ಕಂಬನಿ ಆಯ್ತಲ್ಲ, ಹಾಗೇ ಇಲ್ಲೂ ‘ಪ’ ಹೋಗಿ ‘ಬ’ ಬಂದಿದೆ. ಹಳಗನ್ನಡದ ‘ಪ’ ಮುಂದೆ ‘ಹ’ ಆದಾಗ ಪುಯ್ಯಲ್ ಹುಯ್ಯಲು ಆಯ್ತು. ಪೇಪರಿನವರು ‘ಹುಯಿಲೆಬ್ಬಿಸಿದರು’ ಅಂತ ಬರೀತಾರೆ, ಅದೇ ಪದ. ಈಗ ಅದಕ್ಕೆ ಗದ್ದಲ ಅನ್ನೋ ಅರ್ಥವೇ ಜಾಸ್ತಿ. ಕಲ್ಲಿನ ಮೇಲೆ ಹಾಗಲ್ಲ. ದನ ಹೊಡೆದುಕೊಂಡು ಹೋದರೆ ತುರುಗೋಳ್, ಊರೇ ಹಾಳಾದರೆ ಊರಳಿವು, ಹೆಂಗಸರ ಮೇಲೆ ಕೈ ಮಾಡಿದರೆ ಪೆಣ್ಬುಯ್ಯಲ್. ಆ ಕೂಗು ಕೇಳಿ ಓಡಿ ಬಂದು ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು.

ಇದಕ್ಕಿಂತ ಬಿಚ್ಚಿ ಹೇಳುವ ದಾಖಲೆಯೂ ಇದೆ. ಶಿಗ್ಗಾವಿ ತಾಲೂಕಿನ ಹೊಟ್ಟೂರಿನಲ್ಲಿ ಸಿಕ್ಕ ಶಾಸನ. ಕಾಲ 1007ರ ಸುಮಾರು, ಚಾಲುಕ್ಯ ದೊರೆ ಸತ್ಯಾಶ್ರಯನದು. ಚೋಳರ ದಂಡು ನಾಡನ್ನು ಸೂರೆ ಮಾಡಿತು, ಹೆಂಗಸರು, ಮಕ್ಕಳು ಅನ್ನದೆ ಕೊಂದಿತು, ಹೆಣ್ಣುಮಕ್ಕಳನ್ನು ಹಿಡಿದೊಯ್ದಿತು ಅಂತ ಅದರಲ್ಲಿದೆ. ದಂಡಿನ ಲೆಕ್ಕ ಒಂಬತ್ತು ಲಕ್ಷವಂತೆ! ಅದನ್ನು ನಾನು ನಂಬಲಾರೆ. ಬರೆಸಿದವರು ಚೋಳರ ಹಗೆಗಳು, ದೊಡ್ಡ ದಂಡನ್ನು ಓಡಿಸಿದೆವು ಅಂದಷ್ಟೂ ಅವರಿಗೇ ಹೆಸರು. ಹಾಗಂತ ಹೆಂಗಸರ ಗೋಳನ್ನೂ ಸುಳ್ಳು ಅನ್ನೋಕೆ ಮನಸ್ಸು ಬರಲ್ಲ. ಚಾಲುಕ್ಯರು ಗೆದ್ದ ಊರುಗಳಲ್ಲಿ ಏನು ನಡೆಯಿತೋ, ಅದನ್ನು ಅವರು ಯಾಕೆ ಬರೆಸುತ್ತಾರೆ ಅಲ್ವಾ?

ಅಷ್ಟರಲ್ಲಿ ಆ ಹಿರಿಯರೇ ಇನ್ನೊಂದು ಕೊಡ ನೀರು ತಂದು ಕೊಟ್ಟರು. ಮೇಲಿನ ಪಟ್ಟಿಗಳನ್ನೂ ತೊಳೆದೆ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದರು. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೂತಿದ್ದ, ತಲೆ ಮೇಲೆ ಸೂರ್ಯ ಚಂದ್ರ. ಕೆಳಗೆ ಕೈ ಎತ್ತಿ ನಿಂತವರು ಮೇಲೆಲ್ಲೂ ಇರಲಿಲ್ಲ.