ಓದೋಕಷ್ಟೇ ಜರ್ಮನ್: ಇಂಗ್ಲಿಷ್ ಬದಿಗಿಟ್ಟು ಕನ್ನಡದಿಂದ ನೋಡಿ

ಕನ್ನಡದ ಇತಿಹಾಸ, ಭಾಷಾಶಾಸ್ತ್ರ, ಸಂಸ್ಕೃತ, ತತ್ವಶಾಸ್ತ್ರ, ಯಾವುದರಲ್ಲಿ ಸಂಶೋಧನೆ ಮಾಡಿದರೂ ಒಂದಲ್ಲ ಒಂದು ದಿನ ಜರ್ಮನ್ ಎದುರಾಗುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರ ಮಂಗಳೂರು ಸಮಾಚಾರ, 1894ರ ಕಿಟ್ಟೆಲ್ ನಿಘಂಟು ನಮಗೆಲ್ಲ ಗೊತ್ತು. ಆದರೆ ಅದೇ ಪಾದ್ರಿಗಳು ಬಾಸೆಲ್‌ಗೆ ಬರೆದ ವರದಿ, ಪತ್ರಗಳು ಹೆಚ್ಚಾಗಿ ಜರ್ಮನ್‌ನಲ್ಲಿವೆ. ಮಿಷನರಿ ವೈಗ್ಲೆ 1848ರಲ್ಲಿ ಕನ್ನಡ ಭಾಷೆ, ಸಾಹಿತ್ಯದ ಮೇಲೆ ಬರೆದ ಲೇಖನ, ಮಿಷನರಿ ಮೊಗ್ಲಿಂಗ್ 1860ರಲ್ಲಿ ಕನ್ನಡದ ಹಾಡುಗಳ ಬಗ್ಗೆ ಬರೆದದ್ದು, ಎರಡೂ ಬಂದದ್ದು ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ. ಸಂಸ್ಕೃತದವರಿಗಂತೂ ಬೋಟ್ಲಿಂಕ್ ಮತ್ತು ರೋಟ್ ಅವರ ಏಳು ಸಂಪುಟದ ಸಂಸ್ಕೃತ-ಜರ್ಮನ್ ನಿಘಂಟನ್ನು ಬಿಟ್ಟರೆ ಕೆಲಸ ಸಾಗದು.

ಇದಕ್ಕೆಲ್ಲ ಮಾತಾಡುವ ಜರ್ಮನ್ ಬೇಕಿಲ್ಲ. ರೈಲು ಟಿಕೆಟ್ ಕೇಳುವುದು, ಕಾಫಿ ತರಿಸಿಕೊಳ್ಳುವುದು ಬೇರೆ ವಿದ್ಯೆ. ಓದುವವರು ನಾಮಪದದ ಲಿಂಗವನ್ನು ಬಾಯಿಪಾಠ ಮಾಡಬೇಕಿಲ್ಲ, ಪುಟದ ಮೇಲೆ ಕಂಡಾಗ ಗುರುತು ಹಿಡಿದರೆ ಸಾಕು. ಉಚ್ಚಾರಣೆ ಸುಮಾರಾಗಿದ್ದರೂ ನಡೆಯುತ್ತದೆ.

ತೊಂದರೆ ಇರುವುದು ಬೇರೆ ಕಡೆ. ನಮ್ಮ ಕೈಗೆ ಸಿಗುವ ಪಠ್ಯಗಳೆಲ್ಲ ಇಂಗ್ಲಿಷ್ ಬಲ್ಲವರಿಗೆ ಅಂತ ಬರೆದವು. ಇಂಗ್ಲಿಷಿನವರಿಗೆ ಯಾವುದು ಕಷ್ಟವೋ ಅದನ್ನೇ ಅವು ದೊಡ್ಡದು ಮಾಡುತ್ತವೆ. ನಾವೂ ಜರ್ಮನ್ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಅರ್ಥ ಮಾಡಿಕೊಳ್ಳಲು ಹೋಗುತ್ತೇವೆ. ಇದು ಸುಮ್ನೆ ಸುತ್ತುದಾರಿ. ಜರ್ಮನ್ ಪದಗಳು ಇಂಗ್ಲಿಷಿಗೆ ಹತ್ತಿರ, ನಿಜ. ಆದರೆ ವಿದ್ವತ್ ಬರಹದ ವಾಕ್ಯ ಕಟ್ಟುವ ರೀತಿ ಎಷ್ಟೋ ಕಡೆ ಕನ್ನಡಕ್ಕೇ ಹತ್ತಿರ.

ಒಂದು ತುಣುಕು ನೋಡಿ: 'ಡೀ ಇನ್ ಮಂಗಲೂರ್ ಗೆಡ್ರುಕ್ಟೆನ್ ಬ್ಯೂಷರ್'. 'ಡೀ' ಬರೀ ಆರ್ಟಿಕಲ್, ಸದ್ಯ ಪಕ್ಕಕ್ಕಿಡಿ. 'ಇನ್ ಮಂಗಲೂರ್' ಅಂದರೆ ಮಂಗಳೂರಿನಲ್ಲಿ. 'ಗೆಡ್ರುಕ್ಟೆನ್' ಅಂದರೆ ಅಚ್ಚಾದ. 'ಬ್ಯೂಷರ್' ಅಂದರೆ ಪುಸ್ತಕಗಳು. ಹಾಗೇ ಓದಿಕೊಂಡು ಹೋಗಿ: ಮಂಗಳೂರಿನಲ್ಲಿ ಅಚ್ಚಾದ ಪುಸ್ತಕಗಳು. ಒಂದು ಪದವನ್ನೂ ಜಾಗ ಬದಲಿಸಬೇಕಾಗಲಿಲ್ಲ, ಅಲ್ವಾ? ಇಂಗ್ಲಿಷಿನಲ್ಲಾದರೆ ಪುಸ್ತಕವನ್ನು ಮುಂದೆ ತಂದು ಉಳಿದದ್ದನ್ನು ಹಿಂದೆ ತಳ್ಳಬೇಕು.

ಇದು ಎಷ್ಟು ಉದ್ದ ಬೇಕಾದರೂ ಬೆಳೆಯುತ್ತದೆ. 'ಡಾಸ್ ಫೊನ್ ಕಿಟ್ಟೆಲ್ ನಾಖ್ ಲಾಂಗ್‌ಯೇರಿಗರ್ ಆರ್‌ಬೈಟ್ ಇನ್ ಮಂಗಲೂರ್ ಹೆರೌಸ್‌ಗೆಗೇಬೆನೆ ವೊರ್ಟರ್‌ಬೂಖ್': ಕಿಟ್ಟೆಲ್ ಹಲವು ವರ್ಷದ ದುಡಿಮೆಯ ನಂತರ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟು. ಇಂಗ್ಲಿಷ್ ಪಠ್ಯಗಳು ಇಂಥದ್ದಕ್ಕೆ ಆವರಣ ಹಾಕಿ, ನಂಬರ್ ಕೊಟ್ಟು, ಬಿಡಿಸಿ ಜೋಡಿಸಿ ಅನ್ನುತ್ತವೆ. ನಮಗೆ ಆ ಸರ್ಕಸ್ ಬೇಡ. ಗುರುತು ಒಂದೇ: ಆರ್ಟಿಕಲ್ ಆದ ತಕ್ಷಣ ನಾಮಪದ ಬರದೆ 'ಇನ್' (ಅಲ್ಲಿ), 'ಫೊನ್' (ಇಂದ), 'ನಾಖ್' (ನಂತರ) ಥರದ ಪದ ಬಂತು ಅಂದರೆ, ಮುಂದೆ ಎಲ್ಲೋ ಒಂದು ಕೃದಂತ, ಅಂದರೆ 'ಅಚ್ಚಾದ', 'ಪ್ರಕಟಿಸಿದ' ಥರದ ರೂಪ, ಅದರ ಬೆನ್ನಿಗೆ ನಾಮಪದ ಇದೆ ಅಂತ ತಿಳಿಯಿರಿ. ಕನ್ನಡದಲ್ಲಿ ಓದುವ ಹಾಗೆ ಕಾದರೆ ಆಯಿತು.

ಕೃದಂತದಲ್ಲೂ ನಮ್ಮ ಹಾಗೆ ಬಗೆಗಳಿವೆ. 'ಡೇರ್ ಗೆಶ್ರೀಬೆನೆ ಬ್ರೀಫ್' ಬರೆದ ಪತ್ರ. 'ಡೇರ್ ತ್ಸು ಶ್ರೈಬೆಂಡೆ ಬ್ರೀಫ್' ಬರೆಯಬೇಕಾದ ಪತ್ರ. 'ಡೇರ್ ಶ್ರೈಬೆಂಡೆ ಮಿಸ್ಸಿಯೊನಾರ್' ಬರೆಯುವ, ಅಥವಾ ಬರೆಯುತ್ತಿರುವ ಮಿಷನರಿ. ಒಂದು ಕಡೆ ಮಾತ್ರ ಹೋಲಿಕೆ ಮುರಿಯುತ್ತದೆ. ನಾವು 'ಕಿಟ್ಟೆಲ್ ಬರೆದ ಪತ್ರ' ಅನ್ನುತ್ತೇವೆ, 'ಪತ್ರ ಬರೆದ ಕಿಟ್ಟೆಲ್' ಅಂತಲೂ ಅನ್ನುತ್ತೇವೆ. ಎರಡಕ್ಕೂ ಅದೇ 'ಬರೆದ'. ಜರ್ಮನ್‌ನಲ್ಲಿ 'ಗೆಶ್ರೀಬೆನೆ' ಪತ್ರಕ್ಕೆ ಮಾತ್ರ ಅಂಟುತ್ತದೆ, ಬರೆದವನಿಗೆ ಅಂಟುವುದಿಲ್ಲ. ಮಾಡಿದವನ ಹೆಸರು ಬಂದರೆ ಅದಕ್ಕೆ ಮೊದಲು 'ಫೊನ್' ಇರುತ್ತದೆ.

ವಿಭಕ್ತಿಯೂ ನಮಗೆ ಹೊಸದಲ್ಲ. ನಮ್ಮಲ್ಲಿ ಅದು ಪದದ ಬಾಲದಲ್ಲಿ, ಅವರಲ್ಲಿ ಹೆಚ್ಚಾಗಿ ಆರ್ಟಿಕಲ್‌ನಲ್ಲಿ. 'ಡೇನ್ ಲೇರರ್ ಫ್ರಾಕ್ಟ್ ಡೇರ್ ಶ್ಯೂಲರ್' ಅಂದರೆ ಮೇಷ್ಟ್ರನ್ನು ಹುಡುಗ ಕೇಳುತ್ತಾನೆ. 'ಡೇನ್' ಇರುವುದರಿಂದ ಮೊದಲು ಬಂದವರೇ ಕರ್ಮ. ಇಂಗ್ಲಿಷ್ ಅಭ್ಯಾಸದಲ್ಲಿ ಓದಿದರೆ ಮೇಷ್ಟ್ರೇ ಹುಡುಗನನ್ನು ಕೇಳಿದ ಹಾಗಾಗುತ್ತದೆ. ಜಾಸ್ತಿ ಕಾಟ ಕೊಡುವುದು 'ಡೇರ್'. ಪುಲ್ಲಿಂಗದಲ್ಲಿ ಅದು ಪ್ರಥಮಾ, ಸ್ತ್ರೀಲಿಂಗದಲ್ಲಿ ಷಷ್ಠಿ ಅಥವಾ ಚತುರ್ಥಿ, ಬಹುವಚನದಲ್ಲಿ ಷಷ್ಠಿ. 'ಡೀ ಶ್ಪ್ರಾಖೆ ಡೇರ್ ಇನ್‌ಶ್ರಿಫ್ಟೆನ್' ಶಾಸನಗಳ ಭಾಷೆ. ಇಲ್ಲಿ ಕ್ರಮ ನಮ್ಮದಕ್ಕೆ ತಿರುಗುಮುರುಗು, ಭಾಷೆ ಮೊದಲು, ಶಾಸನ ಆಮೇಲೆ. ಆರ್ಟಿಕಲ್‌ಗಳ ಈ ಒಂದು ಪಟ್ಟಿಯನ್ನು ಮಾತ್ರ ಕಣ್ಣೆದುರು ಅಂಟಿಸಿಕೊಳ್ಳಿ.

ಕ್ರಿಯಾಪದ ಹುಡುಕುವುದು ಇನ್ನೊಂದು ಕೆಲಸ. 'ವೈಲ್' (ಯಾಕೆಂದರೆ), 'ಒಬ್‌ವೋಲ್' (ಆದರೂ) ಥರದ ಪದದಿಂದ ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ, ನಮ್ಮ ಹಾಗೆ. ಮುಖ್ಯ ವಾಕ್ಯದಲ್ಲಿ ಎರಡನೇ ಜಾಗದಲ್ಲಿರುತ್ತದೆ, ಆದರೆ ಅದರ ಒಂದು ತುಂಡು ಕೊನೆಯಲ್ಲಿ ಬಿದ್ದಿರಬಹುದು. 'ಕಿಟ್ಟೆಲ್ ಗಾಬ್ ಡಾಸ್ ವೊರ್ಟರ್‌ಬೂಖ್ ಇನ್ ಮಂಗಲೂರ್ ಹೆರೌಸ್'. 'ಗಾಬ್' ಅನ್ನುವುದು 'ಗೇಬೆನ್'ನ ಭೂತಕಾಲ. ನಿಘಂಟಿನಲ್ಲಿ 'ಗೇಬೆನ್' ನೋಡಿದರೆ 'ಕೊಡು' ಅಂತ ಸಿಗುತ್ತದೆ, ಕೆಲಸಕ್ಕೆ ಬಾರದು. ಕೊನೆಯ 'ಹೆರೌಸ್' ತಂದು ಮುಂದಕ್ಕೆ ಅಂಟಿಸಿ 'ಹೆರೌಸ್‌ಗೇಬೆನ್' ನೋಡಬೇಕು: ಪ್ರಕಟಿಸು. ಅದೇ 'ಗೇಬೆನ್' 'ಔಫ್' ಸೇರಿದರೆ ಕೈಬಿಡು, 'ತ್ಸು' ಸೇರಿದರೆ ಒಪ್ಪಿಕೊ, 'ಔಸ್' ಸೇರಿದರೆ ಖರ್ಚು ಮಾಡು. ಅದಕ್ಕೇ ವಾಕ್ಯದ ಪೂರ್ಣವಿರಾಮ ಸಿಗುವವರೆಗೆ ನಿಘಂಟು ತೆರೆಯಬೇಡಿ.

ಈಗ ಸಂಶೋಧಕರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕನ್ನಡದಲ್ಲಿ 'ಅಂತೆ' ಇದೆಯಲ್ಲ, ಅದರ ಕೆಲಸ ಮಾಡುವ ಒಂದು ರೂಪ ಜರ್ಮನ್ ಕ್ರಿಯಾಪದದಲ್ಲೇ ಇದೆ. 'ಇಸ್ಟ್' ಅಂದರೆ ಇದೆ. ಅದು 'ಜ಼ೈ' ಆಯಿತು ಅಂದರೆ ಇದೆಯಂತೆ. 'ಹಾಟ್' ಹೋಗಿ 'ಹಾಬೆ' ಆದರೂ ಹಾಗೇ. ಶಾಸನ ಗ್ರಂಥಕ್ಕಿಂತ ಹಳೆಯದು ಅಂತ ಲೇಖಕರು ತಾವೇ ಹೇಳಿದರೆ 'ಇಸ್ಟ್', ಬೇರೆಯವರ ಅಭಿಪ್ರಾಯ ವರದಿ ಮಾಡುತ್ತಿದ್ದರೆ 'ಜ಼ೈ'. ಒಮ್ಮೆ ಆ ವಿದ್ವಾಂಸರ ಹೆಸರು ಹೇಳಿದ ಮೇಲೆ ಮುಂದಿನ ನಾಲ್ಕೈದು ವಾಕ್ಯ 'ಅವರು ಹೇಳುತ್ತಾರೆ' ಅನ್ನದೇ 'ಜ಼ೈ', 'ಹಾಬೆ'ಗಳಲ್ಲೇ ಸಾಗಬಹುದು. ಇದನ್ನು ಗಮನಿಸದೆ ಟಿಪ್ಪಣಿ ಮಾಡಿಕೊಂಡರೆ, ಲೇಖಕರು ಖಂಡಿಸಲು ಹೊರಟ ಮಾತನ್ನೇ ಅವರ ಬಾಯಿಗೆ ಹಾಕಿರುತ್ತೀರಿ. ನಮ್ಮ 'ಅಂತೆ'ಯಲ್ಲಿ ಸ್ವಲ್ಪ ಅನುಮಾನದ ವಾಸನೆ ಇರುತ್ತದೆ, 'ಜ಼ೈ'ಗೆ ಅದು ಕಡ್ಡಾಯವಲ್ಲ, ಅಷ್ಟೇ ವ್ಯತ್ಯಾಸ.

'ಜ಼ೊಲ್' ಕೂಡ ಇದೇ ಗುಂಪಿನದು. 'ಏರ್ ಜ಼ೊಲ್ ಇನ್ ಮಂಗಲೂರ್ ಗೆವೋನ್ಟ್ ಹಾಬೆನ್' ಅಂದರೆ ಅವನು ಮಂಗಳೂರಿನಲ್ಲಿ ವಾಸವಾಗಿದ್ದನಂತೆ. ಇಂಗ್ಲಿಷಿನ 'ಶುಡ್' ತಲೆಯಲ್ಲಿಟ್ಟುಕೊಂಡು ಓದಿದರೆ 'ವಾಸವಿರಬೇಕಾಗಿತ್ತು' ಅಂತಾಗಿ ಚರಿತ್ರೆಯೇ ಬದಲಾಗುತ್ತದೆ. 'ಆಲ್ಜ಼ೋ' ಅಂದರೆ 'ಸಹ' ಅಲ್ಲ, 'ಆದ್ದರಿಂದ'. 'ಫಾಸ್ಟ್' ಅಂದರೆ 'ಹೆಚ್ಚುಕಡಿಮೆ'. 'ತ್ಸ್ವಾರ್' ಕಂಡರೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. 'ಅದೇನೋ ನಿಜ' ಅಂತ ಲೇಖಕರು ಒಪ್ಪಿಕೊಳ್ಳುತ್ತಿದ್ದಾರೆ, ಹಿಂದೆಯೇ ಒಂದು 'ಆಬರ್', ಅಂದರೆ 'ಆದರೆ', ಬರುತ್ತದೆ. ಅವರ ವಾದ ಇರುವುದು ಆ 'ಆದರೆ' ನಂತರ.

ಹಳೆಯ ಮುದ್ರಣದ ಬಗ್ಗೆ ಹೆಚ್ಚು ಹೆದರಬೇಡಿ. 19ನೇ ಶತಮಾನದ ಎಷ್ಟೋ ಪುಸ್ತಕಗಳು ಫ್ರಾಕ್ಟೂರ್ ಎಂಬ ಮೊನಚು ಅಕ್ಷರದಲ್ಲಿವೆ. 1941ರಲ್ಲಿ ಜರ್ಮನ್ ಸರ್ಕಾರವೇ ಅದನ್ನು ಕೈಬಿಟ್ಟಿತು. ಅದರಲ್ಲಿ ಉದ್ದನೆಯ 'ಎಸ್' ನೋಡಲು 'ಎಫ್' ಥರ ಇರುತ್ತದೆ, ಮುಖ್ಯ ಗೊಂದಲ ಅದೇ. 1901ಕ್ಕಿಂತ ಮುಂಚಿನ ಕಾಗುಣಿತದಲ್ಲಿ 'ಟಿ' ನಂತರ ಒಂದು ಸುಮ್ಮನೆ ಕೂತ 'ಎಚ್' ಸಿಗುತ್ತದೆ. ನಿಘಂಟಿನಲ್ಲಿ ಪದ ಕಾಣದಿದ್ದರೆ ಅದನ್ನು ತೆಗೆದು ನೋಡಿ. ಕೈಬರಹದ ಪತ್ರಗಳ ಕುರೆಂಟ್ ಲಿಪಿ ಮಾತ್ರ ನಿಜವಾಗಿ ಕಷ್ಟ. ಅದರಲ್ಲಿ 'ಇ' ಅಕ್ಷರ 'ಎನ್' ಹಾಗೆ ಕಾಣುತ್ತದೆ. ಅಚ್ಚಿನ ಜರ್ಮನ್ ಸಲೀಸಾಗುವವರೆಗೆ ಅದಕ್ಕೆ ಕೈ ಹಾಕಬೇಡಿ.

ಯಂತ್ರಾನುವಾದ ಇದೆಯಲ್ಲ, ಇಷ್ಟೆಲ್ಲ ಯಾಕೆ ಅನ್ನಬಹುದು. ಬಳಸಿ, ಆದರೆ ನೀವು ಓದಿದ ಮೇಲೆ, ತಾಳೆ ನೋಡಲು. ಸ್ಕ್ಯಾನ್ ಮಾಡಿದ ಫ್ರಾಕ್ಟೂರ್‌ನಲ್ಲಿ 'ಎಸ್' ಹೋಗಿ 'ಎಫ್' ಆಗಿದ್ದರೆ ಯಂತ್ರವೂ ತಪ್ಪುತ್ತದೆ. 'ಜ಼ೈ', 'ಜ಼ೊಲ್' ಇರುವ ವಾಕ್ಯಗಳನ್ನಂತೂ ಮೂಲದಲ್ಲೇ ನೋಡಿ.

ಶುರು ಮಾಡಲು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಲೇಖನವನ್ನೇ ಹಿಡಿಯಿರಿ. ಕನ್ನಡದವರಿಗೆ ವೈಗ್ಲೆಯ 1848ರ ಲೇಖನ ಒಳ್ಳೆಯದು. ವಿಷಯ ನಮ್ಮದೇ ಆದ್ದರಿಂದ ಅರ್ಧ ಊಹೆಯಲ್ಲೇ ಸಿಗುತ್ತದೆ. ದಿನಕ್ಕೆ ಒಂದು ಪ್ಯಾರಾ ಸಾಕು, ಆದರೆ ಅದರ ಪ್ರತಿ 'ಡೇರ್' ಯಾವ ವಿಭಕ್ತಿ ಅಂತ ಅಂಚಿನಲ್ಲಿ ಬರೆದಿಡಿ.